ಅಪ್ಪ ಕೊಂಡ ಟೈಪ್‌ರೈಟರಿಗೆ ಸುಳಿ ಇರಲಿಲ್ಲ

ಕೆಲವರ ಮನೆಗೆ ಏನು ಕೊಂಡರೂ ಸಲೀಸಾಗಿ ಬಂದು ಸೇರುತ್ತದೆ. ನಮ್ಮ ಮನೆಯಲ್ಲಿ ಸೂಜಿ ಕೊಂಡರೂ ಊರಿಗೆಲ್ಲ ಒಂದು ಕಥೆ. ಸಾನಮಾವು ಕಾಡಂಚಿನ ನಮ್ಮೂರಲ್ಲಿ ಎತ್ತು ಆರಿಸುವುದೆಂದರೆ ಅಪ್ಪನೇ ಆಗಬೇಕು. ಪಾಪ, ಆತ ಜೀವಮಾನದಲ್ಲಿ ಕಲಿತ ವ್ಯಾಪಾರ ಅದೊಂದೇ. ಹಾಗಾಗಿ ರೇಡಿಯೋ ಆಗಲಿ, ಸೈಕಲ್ಲಾಗಲಿ, ಎತ್ತು ಕೊಂಡ ಹಾಗೇ ಕೊಳ್ಳುತ್ತಿದ್ದ.

ಎಂಬತ್ತರ ದಶಕದ ಶುರು. ಹೊಸೂರಿನಲ್ಲಿ ಕಾರ್ಖಾನೆಗಳು ಏಳುತ್ತಿದ್ದವು. ನಾನು ಹತ್ತನೇ ಕ್ಲಾಸು ಮುಗಿಸಿ ಟೈಪಿಂಗ್ ಶಾಲೆ ಸೇರಿದ್ದೆ. ಲೋಯರ್ ಪರೀಕ್ಷೆ ಪಾಸಾದರೆ ಕಾರ್ಖಾನೆ ಆಫೀಸಿನ ಕುರ್ಚಿ. ಫೇಲಾದರೆ ಡೆಂಕಣಿಕೋಟೆ ಕಡೆಯ ಒಂದು ಗಂಡು. ಅವನು ಆಗಲೇ ನಮ್ಮ ಮನೆಯ ಉಪ್ಪಿಟ್ಟು ತಿಂದು, ಇನ್ನೊಮ್ಮೆ ಹಾಕಿಸಿಕೊಂಡು ಹೋಗಿದ್ದ. ಪರೀಕ್ಷೆಗೆ ಟೈಪ್ ಮಿಷನ್ನನ್ನು ನಾವೇ ಹೊತ್ತುಕೊಂಡು ಹೋಗಬೇಕಿತ್ತು. ಶಾಲೆಯ ಮಿಷನ್ನುಗಳೆಲ್ಲ ನನಗಿಂತ ಮುಂಚೆ ಸೇರಿದವರ ಪಾಲಾಗಿದ್ದವು. ಆಗ ಸುದ್ದಿ ಬಂತು: ಕೃಷ್ಣಗಿರಿಯಲ್ಲಿ ವಕೀಲರ ಹತ್ತಿರ ಗುಮಾಸ್ತರಾಗಿದ್ದ ವಯಸ್ಸಾದವರೊಬ್ಬರು ತಮ್ಮ ವಿಲಾಯಿತಿ ಮಿಷನ್ ಮಾರುತ್ತಾರಂತೆ. ಹಳೆಯದು, ಆದರೆ ಭಾರಿ ಮಾಲು. ಕೊಳ್ಳುವುದೋ, ಬಿಡುವುದೋ?

ಒದೆಯುತ್ತದೆಯೇ?

ಅಪ್ಪನೂ ನಾನೂ ಕೃಷ್ಣಗಿರಿಗೆ ಹೋದಾಗ ಗುಮಾಸ್ತರು ಮಿಷನ್ನಿನ ಮುಸುಕು ತೆಗೆದರು. ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ನಾನು ಅಲ್ಲೇ ಸೋತುಹೋದೆ. ಅಪ್ಪ ಮಾತ್ರ ಮುಖ ಗಂಟು ಹಾಕಿಕೊಂಡು ಅದರ ಸುತ್ತ ಒಂದು ಸುತ್ತು ಬಂದ. ಬೆನ್ನು ಸವರಿ, ಎತ್ತಿನ ಮೈಕೂದಲಲ್ಲಿ ನೋಡುವಂಥ ಕೆಟ್ಟ ಸುಳಿ ಯಾವುದೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಬಗ್ಗಿ ಒಳಗಿನ ಅಕ್ಷರದ ಕಡ್ಡಿಗಳನ್ನು ನೋಡಿ, "ಹಲ್ಲೆಲ್ಲಾ ನೆಟ್ಟಗವೆ, ಒಂದೂ ಉದ್ರಿಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದ. ಆಮೇಲೆ ಗುಮಾಸ್ತರತ್ತ ತಿರುಗಿ, "ಸಾಮಿ, ಇಷ್ಟು ಚಂದಾಗಿರೋದನ್ನ ಮಾರೋದ್ಯಾಕೆ? ಹಾಯೋದು, ಒದೆಯೋದು ಏನಾನ ಐತಾ?" ಎಂದ.

ನಾನು ನೆಲ ನೋಡಿದೆ. ಗುಮಾಸ್ತರು ಗಂಭೀರವಾಗಿಯೇ ಯೋಚಿಸಿದರು.

"ಒದೆಯೋದಿಲ್ಲಪ್ಪಾ. 'ಕೆ' ಅಕ್ಷರ ಮಾತ್ರ ಸ್ವಲ್ಪ ಎಗರುತ್ತೆ."

"ನೋಡ್ದೇನವ್ವಾ?" ಎಂದ ಅಪ್ಪ. "ಕೇಳಿದ್ಕೆ ಹೇಳಿದ್ರು!"

ಬೇಡ ಎಂದವರು

ನಮ್ಮ ಟೈಪಿಂಗ್ ಮಾಸ್ಟರು ತಮಿಳರು. ವಿಷಯ ಹೇಳುತ್ತಲೇ ಕೈ ಅಲ್ಲಾಡಿಸಿಬಿಟ್ಟರು. "ವೇಂಡಾಮ್ಮಾ, ವೇಂಡಾಮ್! ಹಳೇ ಮಿಷನ್, ಸ್ಪೇರ್ ಸಿಗಲ್ಲ. ನಡು ಪರೀಕ್ಷೇಲಿ ನಿಂತುಹೋದ್ರೆ ಏನ್ ಮಾಡ್ತೀಯಾ?"

ಮನೆಗೆ ಬಂದು, ಬೇಡ ಬಿಡಪ್ಪಾ ಎಂದೆ. ಅಪ್ಪ ಮೀಸೆ ಸವರಿಕೊಂಡ. "ಸಂತೇಲಿ ಎತ್ತನ್ನ ಹಳೀತಾನಲ್ಲ, ಅವ್ನೇ ಕಣವ್ವ ಕೊಳ್ಳೋಕೆ ನಿಂತಿರೋನು. ವಸಿ ತಡಿ."

ಮುಂದಿನ ವಾರ ಗುಮಾಸ್ತರ ಮನೆಗೆ ಹೋದರೆ, ಜಗಲಿಯ ಮೇಲೆ ನಮ್ಮ ಮಾಸ್ಟರೇ ಕಾಫಿ ಕುಡಿಯುತ್ತ ಕೂತಿದ್ದಾರೆ! ನಮ್ಮನ್ನು ಕಂಡು ಲೋಟ ಕೆಳಗಿಟ್ಟರು.

"ನೀವೆಲ್ಲಿ ಮೋಸ ಹೋಗ್ತೀರೋ ಅಂತ, ನಾನೇ ತೊಗೊಂಡುಬಿಡೋಣ ಅಂತ ಬಂದೆ" ಎಂದರು.

ಟವಲಿನ ಕೆಳಗೆ

ಇನ್ನೊಬ್ಬ ಗಿರಾಕಿ ಎದುರಿಗೇ ಕೂತಿರುವಾಗ ಬೆಲೆಯನ್ನು ಬಾಯಿ ಬಿಟ್ಟು ಹೇಳುವುದುಂಟೇ? ಅಪ್ಪ ಹೆಗಲ ಮೇಲಿನ ಟವಲ್ಲನ್ನು ಗುಮಾಸ್ತರ ಕೈ ಮೇಲೆ ಹೊದಿಸಿ, ಅದರೊಳಗೆ ಅವರ ಬೆರಳು ಹಿಡಿದು ಒತ್ತಿದ. ದನದ ಸಂತೆಯಲ್ಲಿ ಹಾಗೇ, ಬೆರಳಲ್ಲೇ ಬೆಲೆ ಹೇಳುತ್ತಾರೆ, ಬೆರಳಲ್ಲೇ ಜವಾಬು ಕೊಡುತ್ತಾರೆ. ಕೋರ್ಟಿನ ಕಾಗದದಲ್ಲೇ ಬದುಕು ಸವೆಸಿದ ಗುಮಾಸ್ತರಿಗೆ ಅದೆಲ್ಲಿ ಗೊತ್ತಾಗಬೇಕು? ಅಪ್ಪ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಅವರು ಕೈಯನ್ನು ಹಾಗೇ ಬಿಟ್ಟುಕೊಂಡು ಕೂತಿದ್ದರು. ನೋಡನೋಡುತ್ತ ಅವರ ಕಣ್ಣು ತುಂಬಿ ಬಂತು.

"ಕೆಲಸ ಬಿಟ್ಟ ಮೇಲೆ ಇಷ್ಟು ಪ್ರೀತಿಯಿಂದ ಯಾರೂ ನನ್ನ ಕೈ ಹಿಡಿದಿಲ್ಲಪ್ಪಾ. ಮಿಷನ್ ನಿನ್ನ ಮಗಳಿಗೇ. ನಿನಗೆ ತೋಚಿದ್ದು ಕೊಡು."

ವ್ಯಾಪಾರ ಮುಗಿಯಿತು. ಪರೀಕ್ಷೆಯೂ ಕೃಷ್ಣಗಿರಿಯಲ್ಲೇ ಇದ್ದುದರಿಂದ ಮಿಷನ್ನನ್ನು ಅಲ್ಲಿಯವರೆಗೆ ಗುಮಾಸ್ತರ ಮನೆಯಲ್ಲೇ ಬಿಟ್ಟೆವು. ಬಸ್ಸು ಸೂಳಗಿರಿ ದಾಟಿದರೂ ಅಪ್ಪನದು ಒಂದೇ ಮಾತು: "ಭಾರಿ ಕಿಲಾಡಿ ಕಣವ್ವ ಆವಯ್ಯ. ಒಂದು ಬೆರಳೂ ಅಲ್ಲಾಡಿಸ್ಲಿಲ್ಲ!"

ಹಗ್ಗ

ಪರೀಕ್ಷೆಯ ಬೆಳಿಗ್ಗೆ ಅಪ್ಪ ಮಿಷನ್ನನ್ನು ತಲೆ ಮೇಲೆ ಹೊತ್ತು ತಂದು ನನ್ನ ಮುಂದೆ ಇಟ್ಟ. ಇಟ್ಟು ಹೋಗಬಾರದೇ? ಬಗ್ಗಿ ಬಗ್ಗಿ ಅದರ ಮುಂಭಾಗ ತಡಕುತ್ತಲೇ ಇದ್ದ. ಕೊನೆಗೆ ಜವಾನ ಬಂದು ಅವನನ್ನು ಆಚೆಗೆ ಕಳಿಸಬೇಕಾಯಿತು.

ಗಂಟೆ ಹೊಡೆಯಿತು. ಎಲ್ಲರ ಮಿಷನ್ನೂ ಪಟಪಟ ಶುರುವಾಯಿತು. ನಾನೂ ಕುಟ್ಟಿದೆ. ಕಾಗದದ ಮೇಲೆ ಏನೂ ಮೂಡಲಿಲ್ಲ. ಜೋರಾಗಿ ಕುಟ್ಟಿದೆ. ಆಗಲೂ ಇಲ್ಲ. ಬಗ್ಗಿ ನೋಡಿದರೆ ರಿಬ್ಬನ್ನೇ ಇಲ್ಲ! ಡೆಂಕಣಿಕೋಟೆಯ ಗಂಡು ಮೂರನೇ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಅಳುತ್ತಲೇ ಕಿಟಕಿಯಾಚೆ ನಿಂತಿದ್ದ ಅಪ್ಪನನ್ನು ಕೂಗಿದೆ. "ಅಪ್ಪಾ, ಒಳಗೆ ಕಪ್ಪು ಪಟ್ಟಿ ಇತ್ತಲ್ಲ, ಎಲ್ಲಿ?"

"ಅದು ಅವ್ರ ಹಗ್ಗ ಅಲ್ವೇನವ್ವಾ? ಬೆಳಿಗ್ಗೆ ಹೊರಡೋವಾಗ ಬಿಚ್ಚಿ ಅವ್ರಿಗೇ ಕೊಟ್ಬುಟ್ಟೆ. ಮಾರ್ದೋರ ಹಗ್ಗ ನಾವು ತರಬಾರ್ದು. ಅವ್ರ ಕೊಟ್ಟಿಗೆ ಲಕ್ಷ್ಮಿ ನಮ್ ಹಿಂದೆ ಬಂದ್ಬುಡ್ತಾಳೆ."

ಹೊಸ ರಿಬ್ಬನ್ ಹಾಕಿಕೊಳ್ಳುತ್ತಾರೇನೋ ಎಂದು ಗುಮಾಸ್ತರೂ ಸುಮ್ಮನೆ ಇಸಿದುಕೊಂಡಿದ್ದರಂತೆ.

ಪರೀಕ್ಷೆ ನಡೆಸಲು ಬಂದಿದ್ದ ಅಧಿಕಾರಿ ಪುಣ್ಯಾತ್ಮರು. ಶಾಲೆಯವರ ಜೊತೆ ಅಲ್ಲಿಗೆ ಬಂದಿದ್ದ ನಮ್ಮ ಮಾಸ್ಟರ ಪೆಟ್ಟಿಗೆಯಿಂದಲೇ ಒಂದು ರಿಬ್ಬನ್ ಕೊಡಿಸಿ, ಮುಂದಿನ ಬ್ಯಾಚಿನಲ್ಲಿ ನನ್ನನ್ನು ಕೂರಿಸಿದರು. 'ಕೆ' ಅಲ್ಲಲ್ಲಿ ಎಗರಿತು. ಆದರೂ ಪಾಸಾದೆ, ಕಾರ್ಖಾನೆಯ ಕುರ್ಚಿಯೂ ಸಿಕ್ಕಿತು. ಆದರೆ ಅವತ್ತಿನ ಕಥೆ ಅಲ್ಲಿಗೆ ಮುಗಿಯಲಿಲ್ಲ.

ಪರೀಕ್ಷೆ ಮುಗಿಸಿ ಆಚೆ ಬಂದರೆ ಆ ಅಧಿಕಾರಿ ಅಪ್ಪನ ಜೊತೆ ನಿಂತಿದ್ದರು. ಅವರೂ ಒಕ್ಕಲು ಮನೆಯಲ್ಲಿ ಹುಟ್ಟಿದವರಂತೆ. ನಗು ತಡೆದುಕೊಂಡು ಛೇಡಿಸಿದರು: "ಏನ್ ಯಜಮಾನ್ರೇ, ಅವ್ರ ಹಗ್ಗ ಅವ್ರಿಗೆ ಕೊಟ್ರಿ, ಸರಿ. ಕೊಂಡೋರು ಹೊಸ ಹಗ್ಗ ತರೋದು ಬೇಡ್ವಾ?"

ಅಪ್ಪನಿಗೆ ಭಾರಿ ಅವಮಾನವಾಯಿತು. ಚೀಲಕ್ಕೆ ಕೈ ಹಾಕಿ, ಅರಿಶಿನ ಹಚ್ಚಿದ ಹೊಸ ಹಗ್ಗವನ್ನು ಗಂಟೆ ಸಮೇತ ಎಳೆದು ಅವರ ಮುಂದೆ ಹಿಡಿದ.

"ತರ್ದೆ ಇರ್ತೀನಾ ಸಾಮಿ? ಮೂಗು ಎಲ್ಲೈತೆ ಅಂತ ಹುಡುಕ್ತಾ ಇದ್ದೆ, ಅಷ್ಟ್ರಲ್ಲಿ ನಿಮ್ಮೋರು ಆಚೆಗೆ ಅಟ್ಬುಟ್ರು!"