ಶಾಸಕರ ಬಾಗಿಲಲ್ಲಿ ಸೋದರತ್ತೆಯ ಭಜನೆ

ನಮ್ಮ ಶಾಸಕರು ವಿರೋಧ ಪಕ್ಷದವರಿಗೆ ಹೆದರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಸೋದರತ್ತೆಗೆ ಮಾತ್ರ ಹೆದರುತ್ತಾರೆ! ಹಾಗಂತ ಆಕೆ ಯಾವ ಪಕ್ಷದ ನಾಯಕಿಯೂ ಅಲ್ಲ. ಬಳಗಾನೂರಿನ ಹೆಂಗಸರ ಭಜನಾ ಮೇಳದ ಯಜಮಾನಿ, ಅಷ್ಟೇ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ತಾಳ. ಸ್ವರ? ಅದೊಂದನ್ನು ಕೇಳಬೇಡಿ. ಆಕೆ ಬಾಯಿ ತೆಗೆದರೆ ಗದ್ದೆಯ ಕೊಕ್ಕರೆಗಳು ಕಾಲುವೆಯ ಆಚೆ ದಂಡೆಗೆ ಹಾರಿಹೋಗುತ್ತವೆ.

ನಮ್ಮ ಕಡೆ ಭತ್ತದ ನಾಟಿ ಹಚ್ಚಿ ಹಚ್ಚಿ ಕೂಲಿ ಹೆಂಗಸರ ಬೆರಳಿನ ಗೆರೆಗಳೇ ಸವೆದುಹೋಗಿವೆ. ರೇಷನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳಿಟ್ಟರೆ ಅದು ಕುಂಯ್ ಎಂದು ಕೆಂಪು ದೀಪ ತೋರಿಸುತ್ತದೆ. ದೀಪ ಕೆಂಪಾಯಿತೋ, ಅಕ್ಕಿ ಇಲ್ಲ! ಅಕ್ಕಿ ಬೆಳೆದ ಬೆರಳನ್ನೇ ಅಕ್ಕಿ ಕೊಡುವ ಯಂತ್ರ ಗುರುತು ಹಿಡಿಯದಿದ್ದರೆ ಯಾರಿಗೆ ಹೇಳೋಣ? ಹೀಗೆ ಮೂರು ತಿಂಗಳು ಬರಿಗೈಯಲ್ಲಿ ತಿರುಗಿದ ಒಬ್ಬ ಮುದುಕಿ, ಒಂದು ಸೋಮವಾರ ಭಜನೆಯ ನಡುವೆಯೇ ತಲೆ ತಿರುಗಿ ಬಿದ್ದಳು. ಅತ್ತೆ ಆಕೆಗೆ ಉಣಿಸಿ, ತಾಳ ಕೆಳಗಿಟ್ಟು ಘೋಷಿಸಿದಳು: "ದೇವರಿಗೆ ಮಂಗಳಾರತಿ ಸಾಕು. ಇನ್ನ ಶಾಸಕರಿಗೆ ಮಾಡೂಣು!"

ಆಕೆಗೆ ಅಕ್ಷರ ಬಾರದು. ಲಿಂಗಸುಗೂರಿನಲ್ಲಿ ಕನ್ನಡ ಮಾಸ್ತರನಾದ ನನಗೆ ಕರೆ ಬಂತು. ಭಾನುವಾರ ಮಸ್ಕಿಯಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಹೋಗಿ ಮುಟ್ಟಿದೆ.

"ಬರಿ. ಶಾಸಕರಿಗೆ ಶರಣು. ಊಟ ಆತೇನು?"

"ಅತ್ತಿ, ಅರ್ಜಿಯೊಳಗ ಹಂಗ ಬರಿಯಂಗಿಲ್ಲ. ಮಾನ್ಯರೇ, ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ..."

"ಯಾವ ಮೂಲಕ? ನನ್ನ ಮೂಲಕ! ಊಟ ಆತೇನಂತ ಕೇಳಲಾರದ ಹಸಿವಿನ ಮಾತು ಹೆಂಗ ತೆಗೀತಿ ಲೇ? ಏನ್ ಮಾಸ್ತರ ಅದಿ ನೀ?"

ಇಪ್ಪತ್ತು ವರ್ಷ ಪತ್ರಲೇಖನ ಕಲಿಸಿದ ನಾನು ತೆಪ್ಪಗೆ 'ಊಟ ಆತೇನು' ಎಂದೇ ಬರೆದೆ.

ಮುಂದೆ ಸಹಿ ಸಂಗ್ರಹ. ಮುದಗಲ್ ಹತ್ತಿರದ ಮಠಕ್ಕೆ ನನ್ನನ್ನೂ ಎಳೆದೊಯ್ದಳು. ಸ್ವಾಮಿಗಳು ಎಲ್ಲ ಕೇಳಿ, ಕಣ್ಣು ಮುಚ್ಚಿ, ಬಲಗೈ ಎತ್ತಿದರು. ಎತ್ತಿದ ಕೈಯೊಳಗೆ ಅತ್ತೆ ಪೆನ್ನು ಇಟ್ಟಳು!

"ಬುದ್ದೀ, ಆಶೀರ್ವಾದ ಆಮ್ಯಾಲ ಮಾಡ್ರಿ. ಮೊದಲ ಸಹಿ."

ಸ್ವಾಮಿಗಳು ನಗುತ್ತ ಸಹಿ ಹಾಕಿದರು. ಮಠದ ಜೀಪನ್ನೂ ಕೊಟ್ಟರು. ನಾವೇನೂ ಕೇಳಿರಲಿಲ್ಲ, ಕೇಳುವ ಮೊದಲೇ ಕೊಡುವುದು ಕ್ಷೇಮ ಅನಿಸಿರಬೇಕು.

ಅದೇ ಜೀಪು ಸಿಂಧನೂರಿನ ಹತ್ತಿರ, ಪೂರ್ವ ಬಂಗಾಳದ ನಿರಾಶ್ರಿತರಿಗೆಂದು ಸರಕಾರ ಕಟ್ಟಿಸಿದ ಆರ್.ಎಚ್. ಕ್ಯಾಂಪಿಗೂ ಹೋಯಿತು. ಅಲ್ಲಿನ ಬಂಗಾಳಿ ಹೆಂಗಸರೂ ಅದೇ ಕೆಸರಿನಲ್ಲಿ ಬೆರಳು ಸವೆಸಿದವರು. ಅಲ್ಲಿಯ ಹಿರಿಯಳ ಕನ್ನಡ ಅರೆಬರೆ, ಅತ್ತೆಯ ಬಂಗಾಳಿ ಸೊನ್ನೆ. ಅತ್ತೆ ಜೊತೆಗೆ ಬಂದಿದ್ದ ಕೂಲಿ ಹೆಂಗಸೊಬ್ಬಳ ಅಂಗೈ ಎತ್ತಿ ತೋರಿಸಿದಳು, ಆಕೆ ತನ್ನದನ್ನು ತೋರಿಸಿದಳು. ಮಾತುಕತೆ ಮುಗಿಯಿತು!

ಮರುದಿನ ಎಲ್ಲರೂ ಶಾಸಕರ ಕಚೇರಿಗೆ. ಅಲ್ಲಿ ಆಪ್ತ ಸಹಾಯಕ ಅಡ್ಡ ಬಂದ.

"ಸಾಹೇಬ್ರು ಊರಾಗ ಇಲ್ರೀ."

"ಬರಲೇಳಪಾ, ನಮಗೇನ ಅವಸರ? ಬರೋತನ ಭಜನಿ ಮಾಡ್ತೀವಿ."

ಶುರುವಾಯಿತು ನೋಡಿ! ಈ ಕಡೆ ಅತ್ತೆಯ ಸ್ವರ, ಆ ಕಡೆ ಕ್ಯಾಂಪಿನವರ ಶಂಖ. ಜೊತೆಗೆ ನಾಲಿಗೆ ಆಡಿಸಿ ಉಲುಲುಲು ಎನ್ನುವ ಅವರ ಮಂಗಳಧ್ವನಿ. ಕಾವಲಿನ ಪೊಲೀಸಪ್ಪ ಮೊದಲು ಲಾಠಿ ಬೀಸಿದ. ಆಮೇಲೆ ಅದೇ ಲಾಠಿಯಿಂದ ನೆಲಕ್ಕೆ ಬಡಿದು ತಾಳ ಹಾಕಿದ. ದಾರಿಹೋಕರು ಚಪ್ಪಲಿ ಬಿಟ್ಟು ಕೈಮುಗಿದರು. ಒಬ್ಬ ಪುಣ್ಯಾತ್ಮ ಕಚೇರಿಯ ಮೆಟ್ಟಿಲಿಗೆ ತೆಂಗಿನಕಾಯಿಯನ್ನೇ ಒಡೆದುಬಿಟ್ಟ! ಮೂರನೆಯ ಪದಕ್ಕೆ, ಊರಲ್ಲಿಲ್ಲದ ಶಾಸಕರು ಕಿವಿ ಮುಚ್ಚಿಕೊಂಡು ಒಳಕೋಣೆಯಿಂದ ಹೊರಬಂದರು.

"ಯವ್ವಾ, ಫೋನಿನ್ಯಾಗ ಮಾತಾಡಾಕತ್ತೀನಿ, ಒಂದ್ ಮಿನಿಟ್ ನಿಲ್ಲಸ್ರಿ!"

ಅತ್ತೆ ಸಹಾಯಕನ ಕಡೆ ತಿರುಗಿದಳು. "ನೋಡಪಾ ಭಜನಿ ಮಹಿಮಾ! ಊರಾಗ ಇಲ್ಲದವರೂ ಬಂದಾರ."

ಶಾಸಕರು ಅರ್ಜಿ ಬಿಚ್ಚಿದರು. ಮೊದಲ ಸಾಲಿನಲ್ಲೇ ತಡೆದು ನಿಂತರು.

"ಇದೇನ್ರಿ ಇದು, ಊಟ ಆತೇನು?"

"ಆಗ್ಯಾದೋ ಇಲ್ಲೋ ಹೇಳ್ರಿ."

"ಆಗ್ಯಾದ."

"ಇವರದು ಆಗಿಲ್ರೀ."

ಶಾಸಕರು ಉಳಿದದ್ದನ್ನು ನಿಂತೇ ಓದಿದರು, ನಿಂತೇ ತಹಶೀಲ್ದಾರರಿಗೆ ಫೋನ್ ಹಚ್ಚಿದರು. ಅಧಿವೇಶನದಲ್ಲಿಯೂ ಕೇಳುತ್ತೇನೆ ಎಂದರು. ಕೇಳಿದರು ಕೂಡ! ನನ್ನ ಮೊಬೈಲಿನಲ್ಲಿ ಅದನ್ನು ನೋಡಿದ ಅತ್ತೆಯ ತೀರ್ಪು: "ವಿಷಯ ಚಲೋ ಅದ. ಧ್ವನಿ ಸಾಲದು. ನಮ್ಮ ಭಜನಿಗೆ ಬಂದು ಕಲಿಯಾಕ ಹೇಳು."

ಮುಂದಿನ ತಿಂಗಳು, ಬೆರಳಚ್ಚು ಮೂಡದವರಿಗೆ ಪುಸ್ತಕದಲ್ಲಿ ಹೆಸರು ಬರೆದುಕೊಂಡು ಅಕ್ಕಿ ಕೊಡಲು ಶುರುಮಾಡಿದರು. ಮೊದಲ ದಿನ ಅತ್ತೆ ಹೋಗಿ ಅಂಗಡಿಯೆದುರು ಕುಕ್ಕರಿಸಿದಳು, ಪಹರೆಗೆ! ನಾನೂ ಜೊತೆಗಿದ್ದೆ. ಭಜನೆಯಲ್ಲಿ ಬಿದ್ದಿದ್ದ ಆ ಮುದುಕಿ ಚೀಲ ಹೊತ್ತು ಹೊರಬಂದಳು. ಚೀಲ ಇಳಿಸಿ ಅತ್ತೆಯ ಕಾಲಿಗೆ ಬಗ್ಗಿದಳು. ಅತ್ತೆ ಚಂಗನೆ ಹಿಂದೆ ಸರಿದಳು.

"ಏ ಏ! ನನ್ನ ಕಾಲಿಗ್ಯಾಕ ಬೀಳ್ತಿ? ನಾ ಒಂದಿನನರ ನಾಟಿ ಹಚ್ಚೀನೇನು? ಬೆಳದಾಕಿ ನೀ."

ಅಷ್ಟು ಹೇಳಿ, ಮುದುಕಿಯ ಎರಡೂ ಅಂಗೈಗಳನ್ನು ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ಒತ್ತಿಕೊಂಡವಳು ಬಿಡಲೇ ಇಲ್ಲ. ಹಣೆಯ ವಿಭೂತಿ ಆ ಕೈಗಳಿಗೆಲ್ಲ ಹತ್ತಿತು. ಅತ್ತೆಯ ಭುಜ ಅಲುಗುತ್ತಿತ್ತು.

ಮುದುಕಿ ಮೆಲ್ಲಗೆ ಅಂದಳು:

"ಬಿಡವಾ ತಾಯಿ. ಮನ್ಯಾಗ ಎಸರಿಟ್ಟು ಬಂದೀನಿ."