ಕೆಮ್ಮಲು ಬಾರದ ಪಠ್ಯಪುಸ್ತಕದ ಧ್ವನಿಗೆ

ಮಾನ್ಯ ಧ್ವನಿಯವರೇ,

ಈಗ ಸಂಜೆ ಆರು ಗಂಟೆ. ಬೆಳಿಗ್ಗೆ ಅಂಗಳದ ಹಿಮ ತೆಗೆದೆ, ಮೂಲಂಗಿ ಬೇಯಿಸಿದೆ, ಹೆಂಡತಿ ಫುಸಾಯೆಯ ಪಟದ ಮುಂದೆ ಅನ್ನವಿಟ್ಟೆ; ಉಳಿದ ಹೊತ್ತೆಲ್ಲ ತಮ್ಮ ಓದು ಕೇಳುವುದರಲ್ಲೇ ಕಳೆಯಿತು. ಮೊಮ್ಮಗಳು ಮಿತ್ಸುಕಿಯ ಮೂರನೇ ತರಗತಿಯ ಪುಸ್ತಕವನ್ನು ಟ್ಯಾಬ್ಲೆಟ್ಟಿನೊಳಗೆ ಕುಳಿತು ಓದಿಹೇಳುವ ಭಾರವನ್ನು ಕಳೆದ ವಾರದಿಂದ ಹೊತ್ತಿರುವ ತಮಗೆ, ಸಾಕಾತಾ ಊರಿನ ಈ ಮುದುಕನ ತಲೆಬಾಗಿದ ವಂದನೆಗಳು.

ತಮ್ಮ ಓದು ಅದ್ಭುತ. ತಮಗೆ ಬಾಯಾರುವುದಿಲ್ಲ, ಮೂಗು ಕಟ್ಟುವುದಿಲ್ಲ. ಪಾಠದ ನರಿ ಹೊಳೆಯಲ್ಲಿ ಮುಳುಗುತ್ತಿದ್ದರೂ ಬಸ್ಸಿನ ವೇಳಾಪಟ್ಟಿ ಓದುವಷ್ಟೇ ನೆಮ್ಮದಿಯಿಂದ ಮುಂದುವರಿಯುತ್ತೀರಿ. ನಮ್ಮ ಹುಡುಗಿಗೆ ಅಕ್ಷರಗಳು ಹಾಳೆಯ ಮೇಲೆ ನಿಲ್ಲುವುದಿಲ್ಲ, ಬುಟ್ಟಿಯ ಮೀನಿನಂತೆ ಜಿಗಿಯುತ್ತವೆ. ಧ್ವನಿ ಓದಿದಂತೆ ಒಂದೊಂದೇ ಪದ ಬೆಳಗುವ ಈ ಪುಸ್ತಕ ಬಂದ ಮೇಲೆಯೇ ಅವಳು ಓದತೊಡಗಿದ್ದು.

ಆಗ ಇದರಲ್ಲಿದ್ದದ್ದು ಫುಸಾಯೆಯ ಧ್ವನಿ. ಮಕ್ಕಳ ಪುಸ್ತಕಗಳಿಗೆ ಧ್ವನಿ ಕೊಡುವ ಊರಿನ ಓದುಗರ ಬಳಗಕ್ಕಾಗಿ ಓದುತ್ತಿದ್ದ ಅವಳು, ನರಿ ನೀರಿಗೆ ಕಾಲಿಡುವ ಸಾಲಿನಲ್ಲಿ ಕೆಮ್ಮಿಬಿಟ್ಟಿದ್ದಳು. ಬಳಗದವರು ಮತ್ತೆ ಓದಿಸಲು ಬಂದರೆ, "ಇರ್ಲಿ ಬಿಡ್ರೀ, ಮಕ್ಕಳೂ ಅಲ್ಲಿ ಒಂದು ಉಸಿರು ಎಳ್ಕೊಳ್ಳಲಿ" ಎಂದಳು. ಮಿತ್ಸುಕಿ ಪಾಠವನ್ನು ಕೆಮ್ಮಿನ ಸಮೇತ ಕಲಿತಳು. "ನಿನ್ನ ನರಿಗೆ ಶೀತ ಆಗಿದ್ಯೇನೇ?" ಎಂದು ತರಗತಿಯವರು ನಕ್ಕರೆ, "ನರಿಗಲ್ಲ, ನಮ್ಮಜ್ಜಿಗೆ" ಎಂದು ಮುಂದಿನ ಸಾಲಿಗೆ ಹೋಗುತ್ತಿದ್ದಳು.

ಫುಸಾಯೆ ತೀರಿಕೊಂಡದ್ದು ಎಲೆ ಉದುರುವ ಕಾಲದಲ್ಲಿ. ಕಳೆದ ವಾರ ಪುಸ್ತಕ ತೆರೆದರೆ, "ಧ್ವನಿಯ ದೋಷಗಳನ್ನು ನಿವಾರಿಸಲಾಗಿದೆ" ಎಂಬ ಶುಭಸಮಾಚಾರವಿತ್ತು. ಅದರ ಹಿಂದೆಯೇ ಅವಳ ಜಾಗಕ್ಕೆ ತಾವು ದಯಮಾಡಿಸಿದಿರಿ. ಆ ದೋಷದೊಂದಿಗೆ ನಾನು ಜೀವಮಾನವೆಲ್ಲ ಬಾಳಿದ್ದೆ, ದೂರು ಕೊಡಬೇಕೆಂದು ಹೊಳೆದಿರಲಿಲ್ಲ.

ಮಕ್ಕಳು ದಿನವೂ ಮನೆಯಲ್ಲಿ ಗಟ್ಟಿಯಾಗಿ ಓದಬೇಕು, ಕೇಳಿದ ಹಿರಿಯರು ಶಾಲೆಯ ಚೀಟಿಗೆ ಮುದ್ರೆ ಒತ್ತಬೇಕು ಎಂಬುದು ತಮಗೂ ತಿಳಿದದ್ದೇ. ಮೊನ್ನೆ ಅಡುಗೆಮನೆಯಿಂದಲೇ ಕೇಳಿ, ಒಂದೂ ತಪ್ಪಿಲ್ಲವಲ್ಲ ಎಂದು ಹಿಗ್ಗಿ "ಬಹಳ ಚೆನ್ನಾಗಿದೆ" ಎಂಬ ಮುದ್ರೆ ಒತ್ತಿದೆ. ಓದಿದ್ದು ತಾವು, ಹುಡುಗಿ ಕೆಳಗೆ ಬಿಸಿಯಿಟ್ಟ ಮೇಜಿನ ಹೊದಿಕೆಯೊಳಗೆ ಮುದುರಿಕೊಂಡು ಕಿತ್ತಳೆ ತಿನ್ನುತ್ತಿದ್ದಳು. ತಮಗೆ ಸಂದ ಆ ಪ್ರಶಸ್ತಿಗೆ ಅಭಿನಂದನೆಗಳು.

"ಇವ್ರು ನಿಲ್ಲೋದೇ ಇಲ್ಲ ಅಜ್ಜ, ನಾನು ಎಲ್ಲಿ ಸೇರ್ಕೊಳ್ಳಲಿ?" ಎಂಬುದು ಅವಳ ಅಹವಾಲು. ಆದ್ದರಿಂದ ತಾವು ಒಂದಿಷ್ಟು ತಣ್ಣನೆಯ ಗಾಳಿಗೆ ಮೈಯೊಡ್ಡಿ, ಗಂಟಲು ಕೆರೆಸಿಕೊಂಡು, ಸಾಧ್ಯವಾದರೆ ನಲವತ್ತು ವರ್ಷ ನನ್ನೊಡನೆ ಸಂಸಾರ ಮಾಡಿ, ನಂತರ ಓದಬೇಕಾಗಿ ಪ್ರಾರ್ಥನೆ.

ಅಲ್ಲಿಯವರೆಗೆ ಬದಲಿ ಏರ್ಪಾಟು ಆಗಿದೆ. "ನೀನೇ ಕೆಮ್ಮು ಅಜ್ಜ" ಎಂದಳು ಇಂದು. ನರಿ ನೀರಿನ ಬಳಿ ಬಂದಾಗ ತಮ್ಮ ಬಾಯಿ ಮುಚ್ಚಿಸಿ ನಾನು ಕೆಮ್ಮಿದೆ. "ಅಜ್ಜಿ ಹಾಗಲ್ಲ, ಸಣ್ಣಗೆ" ಎಂದು ತಿದ್ದಿದಳು. ಸಣ್ಣಗೆ ಕೆಮ್ಮಿದೆ. ಅವಳು ಉಸಿರೆಳೆದುಕೊಂಡು ಹೊಳೆ ದಾಟಿದಳು. ಈ ಸಲ ಅವಳ ಎದುರಿಗೇ ಕುಳಿತು ಮುದ್ರೆ ಒತ್ತಿದೆ.

ತಮ್ಮ ಆರೋಗ್ಯ ಸದಾ ಹೀಗೆಯೇ ಇರಲೆಂದು ನಿರುಪಾಯನಾಗಿ ಹಾರೈಸುವ,

ತಮ್ಮ ವಿಶ್ವಾಸಿ,
ಕುವಾಬಾರಾ ಶಿಗೆಜಿ

ತಾಜಾಕಲಂ: ನಾಳೆ, ಮಕ್ಕಳ ಮನೆಯವರು ಶಾಲೆಗೆ ಹೋಗಿ ತರಗತಿ ನೋಡುವ ದಿನಕ್ಕೆ, ತಾವು ದಯವಿಟ್ಟು ಶ್ರಮ ತೆಗೆದುಕೊಳ್ಳಬೇಡಿ, ಅಲ್ಲಿ ದೋಷವಿರುವವರೇ ಬೇಕಾಗಿದ್ದಾರೆ. ಮೂರನೇ ಪೀರಿಯಡ್ಡಿನಲ್ಲಿ ನರಿಯ ಪಾಠ, ಓದುವವಳು ಮಿತ್ಸುಕಿ. ನರಿ ನೀರಿನ ಬಳಿ ಬರುವಾಗ ನಾನು ಹಿಂದಿನ ಗೋಡೆಯ ಬಳಿ ನಿಂತಿರುತ್ತೇನೆ.