ಪಂಚ್ ಮಿಷನ್ನಿಗೆ ಶಿವಗಂಗೆಯ ಬೆಣ್ಣೆ

ಅಂಗಡಿಯವನು ಹೇಳಿದ್ದು ಹದಿನೆಂಟು ಸಾವಿರ, ನಾನು ತಂದದ್ದು ಹನ್ನೊಂದಕ್ಕೆ. ಬಾಶೆಟ್ಟಿಹಳ್ಳಿಯಲ್ಲಿ ಪ್ಲಾಸ್ಟಿಕ್ ಡಬ್ಬಿ ಮಾಡುವ ನಮ್ಮ ಕಾರ್ಖಾನೆಯ ಗೇಟಿನಲ್ಲಿ ಗೋಡೆಗೆ ಅಂಟಿಕೊಂಡು, ದಿನಾ ಬೆಳಗ್ಗೆ ನನ್ನ ಜೀವ ಹಿಂಡುವ ಹಾಜರಿ ಮಿಷನ್ನಿನ ಬೆಲೆ ಇದು. ಅಷ್ಟು ಕಡಿಮೆಗೆ ಹೇಗೆ ತಂದೆ ಅಂತ ಕೇಳುತ್ತೀರಿ, ಕೇಳಲೇಬೇಕು. ನನ್ನ ಪದ್ಧತಿ ಸುಲಭ. ಮಾತಿನ ನಡುವೆ ಎದ್ದು ಹೊರಡಬೇಕು, ಅಂಗಡಿಯವನು ವಾಪಸ್ ಕರೆಯುವ ತನಕ ಕಾಲಡಿಯಲ್ಲೇ ಇರುವ ಚಪ್ಪಲಿಯನ್ನು ಹುಡುಕುತ್ತಿರಬೇಕು. ಅದಕ್ಕೂ ಬಗ್ಗದಿದ್ದರೆ ವಸ್ತುವಿನ ಮೈಮೇಲಿನ ಒಡವೆಗಳನ್ನು ಒಂದೊಂದಾಗಿ ಬಿಚ್ಚಿಸಬೇಕು. "ಇದು ಮುಖ ನೋಡಿನೂ ಗುರುತು ಹಿಡಿಯುತ್ತೆ ಸಾರ್" ಅಂದ. "ನಮ್ಮ ಮುಖ ನೋಡಿ ಅದಕ್ಕೇನಾಗಬೇಕು, ತೆಗೀರಿ" ಅಂದೆ. "ಕಾರ್ಡ್ ತೋರಿಸಿದ್ರೂ ತಗೊಳ್ಳುತ್ತೆ" ಅಂದ. "ಕಾರ್ಡ್ ಯಾಕ್ರೀ, ನಮ್ಮ ಜನಕ್ಕೆ ಹೆಬ್ಬೆಟ್ಟಿಲ್ವಾ? ಅದನ್ನೂ ತೆಗೀರಿ" ಅಂದೆ. ಕೊನೆಗೆ ಉಳಿದದ್ದು ಬೆರಳಿಡುವ ಒಂದು ಗಾಜು ಮತ್ತು ಒಂದು ಹೆಣ್ಣು ದನಿ. ಮ್ಯಾನೇಜರ್ ಸಾಹೇಬರು ಬೆನ್ನು ತಟ್ಟಿದರು. ಖರೀದಿ ಕೆಲಸದಲ್ಲಿ ನಾನಿರುವುದು ಕಾಂಟ್ರಾಕ್ಟಿನ ಮೇಲೆ. ಯುಗಾದಿ ಕಳೆಯಲಿ, ಕಾಯಂ ಮಾಡೋಣ, ಹಾಜರಿ ಮಾತ್ರ ಚೊಕ್ಕವಾಗಿರಬೇಕು ಅಂದರು.

ಹಾಜರಿ ಹಾಕುವುದಕ್ಕೆ ನಮ್ಮಲ್ಲಿ 'ಪಂಚ್ ಮಾಡೋದು' ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಪಂಚ್ ಅಂದರೆ ಗುದ್ದು ಎಂದು ಓದಿದವರು ಹೇಳಿದರು. ಆ ಅರ್ಥದಲ್ಲಿ ನಾನು ಅದನ್ನು ಕಂಡದ್ದೇ ಕಡಿಮೆ. ಚಿಕ್ಕಂದಿನಲ್ಲಿ ಪಂಚ್ ಅಂದರೆ ಕಂಡಕ್ಟರ್ ಟಿಕೀಟಿಗೆ ತೂತು ಹಾಕುವಾಗಿನ ಟಕ್ ಸದ್ದು. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮಗ್ಗ ಹಾಕಿದ ಮೇಲೆ ಪಂಚ್ ಅಂದರೆ ಸೀರೆ ಡಿಸೈನಿನ ರಟ್ಟಿನ ಕಾರ್ಡುಗಳಿಗೆ ಹೊಡೆಸುವ ತೂತು. ಒಂದು ತೂತು ತಪ್ಪಿದರೆ ಸೆರಗಿನ ನವಿಲಿಗೆ ಕಾಲಿರುತ್ತಿರಲಿಲ್ಲ. ಮದುವೆಯಾದ ಮೇಲೆ ಹೊಟ್ಟೆ ಬಂತು, ಬೆಲ್ಟಿಗೆ ಹೊಸ ಪಂಚ್ ಬಂತು. ಯಾರದೋ ರಿಸೆಪ್ಷನ್ನಿನಲ್ಲಿ ಪಂಚ್ ಅಂತ ಕೆಂಪಗಿನ ಹಣ್ಣಿನ ರಸ ಕೊಟ್ಟರು, ಕುಡಿದು ವಾರವೆಲ್ಲ ನೆಗಡಿ. ಇನ್ನು ನಮ್ಮ ಮಗಳಿಗೆ ಸಿನಿಮಾದ ಡೈಲಾಗಿಗೂ ಪಂಚ್ ಬೇಕು, ಊಟಕ್ಕೂ ಬೇಕು. "ಅಮ್ಮಾ, ಸಾರು ಚೆನ್ನಾಗಿದೆ, ಆದ್ರೆ ಪಂಚ್ ಇಲ್ಲ" ಅಂದಳು ಒಂದು ದಿನ. "ನಾಳೆಯಿಂದ ನೀನೇ ಮಾಡ್ಕೊಂಡು ಹಾಕ್ಕೊಳ್ಳೆ" ಅಂದಳು ನನ್ನ ಹೆಂಡತಿ ಸರೋಜ. ಇಷ್ಟು ಅರ್ಥಗಳಲ್ಲಿ ಒಂದಾದರೂ ನನ್ನನ್ನು ಹೆದರಿಸಿದ್ದಿಲ್ಲ. ಗೇಟಿನ ಮುಂದೆ ನಿಂತ ಮೇಲೆಯೇ, ಓದಿದವರು ಹೇಳಿದ ಅರ್ಥ ಹೊಟ್ಟೆಗೆ ಬಂದು ಬಿದ್ದದ್ದು.

ನೋಂದಣಿಯ ದಿನ ನನ್ನ ಹೆಬ್ಬೆಟ್ಟನ್ನು ಹೇಗೋ ಹಿಡಿದುಕೊಂಡಿದ್ದ ಮಿಷನ್ನು, ಮಾರನೆಯ ಬೆಳಗ್ಗೆಯಿಂದ ನನ್ನನ್ನು ಕಂಡೇ ಇಲ್ಲ ಎನ್ನತೊಡಗಿತು. "ಪ್ಲೀಸ್ ಟ್ರೈ ಅಗೇನ್" ಅನ್ನುತ್ತಿತ್ತು ಆ ಹೆಣ್ಣು ದನಿ, ಸಾಲ ಕೇಳಲು ಬಂದ ನೆಂಟನಿಗೆ ಹೇಳುವಷ್ಟು ತಣ್ಣಗೆ. ಹಿಂದೆ ಶಿಫ್ಟಿನ ಸಾಲು ಬೆಳೆಯುತ್ತಿತ್ತು. "ಏನ್ ರುದ್ರಣ್ಣ, ಹೆಬ್ಬೆಟ್ಟು ಮನೇಲಿ ಬಿಟ್ಟು ಬಂದ್ಯಾ?" ಅಂತ ಒಬ್ಬ. "ಸುಮ್ನಿರ್ಲಾ, ಮಿಷನ್ ಹತ್ರ ಚೌಕಾಸಿ ಮಾಡ್ತಾವ್ನೆ" ಅಂತ ಇನ್ನೊಬ್ಬ. ಗೇಟಿನ ಕಾವಲಿನ ನರಸಿಂಹಯ್ಯ ನನ್ನ ಕೈ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದ. "ಗೆರೆನೇ ಇಲ್ವಲ್ಲ ಗುರು. ಒಳ್ಳೆ ಹುಣಸೆ ಬೀಜ ಇದ್ದಂಗದೆ."

ಇರುವುದಾದರೂ ಹೇಗೆ? ಮಗ್ಗ ಮಾರುವ ತನಕ ನಾನು ಮಾಡಿದ್ದು ಎಳೆ ಕೂಡಿಸುವ ಕೆಲಸ. ಮಗ್ಗದ ಉದ್ದನೂಲಿನ ಹಳೆಯ ಹಾಸು ಮುಗಿಯುವಾಗ ಅದರ ಒಂದೊಂದು ರೇಷ್ಮೆ ಎಳೆಗೂ ಹೊಸ ಹಾಸಿನ ಎಳೆ ಸೇರಿಸಿ, ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಸಾವಿರಾರು ಎಳೆ, ವರ್ಷಗಟ್ಟಲೆ. ಗೆರೆಗಳೆಲ್ಲ ಸೀರೆಗಳ ಜೊತೆ ಯಾರಯಾರ ಮದುವೆಗೋ ಹೊರಟುಹೋಗಿದ್ದವು. ಈಗ ದೂರು ಕೊಡೋಣವೆಂದರೆ ಮಿಷನ್ ತಂದವನು ನಾನೇ. ಸುಮ್ಮನಿರೋಣವೆಂದರೆ ಹಾಜರಿ ಹೋಗುತ್ತದೆ, ಅದರ ಹಿಂದೆಯೇ ಕಾಯಂ ಕೆಲಸ. ಹೆಬ್ಬೆಟ್ಟನ್ನು ತಲೆಗೂದಲಿಗೆ ತಿಕ್ಕಿದೆ, ಬಾಯಿಂದ ಊದಿದೆ, ಬಿಸಿನೀರಿನಲ್ಲಿ ಅದ್ದಿದೆ. ಒಂದು ದಿನ ಹಿಡಿದರೆ ಎರಡು ದಿನ ಇಲ್ಲ. ಕೆಲಸ ಮಾಡಿದ ದಿನವೂ ಮಿಷನ್ನಿನ ಪಾಲಿಗೆ ನಾನು ಗೈರುಹಾಜರು. ಬಸ್ಸು ಬಾಶೆಟ್ಟಿಹಳ್ಳಿ ಹತ್ತಿರ ಬಂದಂತೆ ಅಂಗೈ ಬೆವರುತ್ತಿತ್ತು, ಬೆವರಿದರೆ ಅದು ಇನ್ನೂ ಹಿಡಿಯುವುದಿಲ್ಲ ಎಂದು ಮತ್ತಷ್ಟು ಬೆವರುತ್ತಿತ್ತು.

ಆಗ ಸರೋಜ ಶಿವಗಂಗೆಗೆ ಹೋಗಿ ಬಂದಳು. ಅಲ್ಲಿ ಲಿಂಗಕ್ಕೆ ತುಪ್ಪ ಉಜ್ಜಿದರೆ ಬೆಣ್ಣೆಯಾಗುತ್ತದೆ, ಆ ಬೆಣ್ಣೆಯನ್ನು ಪ್ರಸಾದವಾಗಿ ಕೊಡುತ್ತಾರೆ, ನೋವಿಗೂ ಗಾಯಕ್ಕೂ ಹಚ್ಚುತ್ತಾರೆ. "ರೀ, ಇದನ್ನ ಬೆರಳಿಗೆ ಹಚ್ಕೊಂಡು ಹೋಗಿ. ತುಪ್ಪನೇ ಬೆಣ್ಣೆ ಮಾಡೋ ಸ್ವಾಮಿಗೆ ನಿಮ್ಮ ಹೆಬ್ಬೆಟ್ಟಲ್ಲಿ ನಾಕು ಗೆರೆ ಎಳೆಯೋದು ದೊಡ್ಡದಾ?" ಅಂದಳು. ಪುಕ್ಕಟೆ ಬಂದದ್ದನ್ನು ಮಿತವಾಗಿ ಬಳಸಿ ನನಗೆ ಅಭ್ಯಾಸವಿಲ್ಲ. ದಂಡಿಯಾಗಿ ಬಳಿದುಕೊಂಡು, ಎಲ್ಲರಿಗಿಂತ ಮೊದಲು ಗೇಟಿಗೆ ಹೋಗಿ, ಕಣ್ಣು ಮುಚ್ಚಿ ಗಾಜಿನ ಮೇಲೆ ಒತ್ತಿದೆ. ಮಿಷನ್ ಏನೂ ಹೇಳಲಿಲ್ಲ. ಪ್ಲೀಸ್ ಅಂತಲೂ ಅನ್ನಲಿಲ್ಲ.

ನನ್ನ ಹಿಂದಿನವನು ಬೆರಳಿಟ್ಟ, ಅವನದೂ ಹಿಡಿಯಲಿಲ್ಲ. ಅವನ ಹಿಂದಿನವಳದೂ ಇಲ್ಲ. ನರಸಿಂಹಯ್ಯ ಕರ್ಚೀಫಿನಿಂದ ಗಾಜು ಒರೆಸಿದ. ಒಂದೇ ಕಡೆ ಇದ್ದ ಬೆಣ್ಣೆ ಗಾಜಿಗೆಲ್ಲ ಹರಡಿತು. ಸೈರನ್ ಕೂಗಿತು, ಪಂಚ್ ಆಗದೆ ಒಳಗೆ ಹೋದರೆ ದಿನದ ಸಂಬಳ ಹೋದೀತೆಂದು ಇಡೀ ಶಿಫ್ಟು ಗೇಟಿನ ಹೊರಗೆ, ಮ್ಯಾನೇಜರ್ ಸಾಹೇಬರು ಗೇಟಿನ ಒಳಗೆ. ನಾನು ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು, ಕಾಯಂ ಕೆಲಸಕ್ಕೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಆಗ ಪ್ಯಾಕಿಂಗಿನ ಗಂಗಮ್ಮ, ನಮ್ಮ ಮಗ್ಗದ ಬೀದಿಯವಳೇ, ಪಕ್ಕದವಳಿಗೆ ಮೆಲ್ಲಗೆ ಹೇಳಿದಳು. "ಒಂದಿನಾನಾದ್ರೂ ಎಲ್ರೂ ನಮ್ಮಂಗೇ ಆದ್ರಲ್ಲ ಬಿಡು."

ಸಾಹೇಬರ ಕಿವಿ ಚುರುಕು. "ನಿಮ್ಮಂಗೆ ಅಂದ್ರೆ ಏನಮ್ಮಾ?"

ಗಂಗಮ್ಮ ಹಿಂದೆ ಮುಂದೆ ನೋಡಿ ಹೆಬ್ಬೆಟ್ಟು ಎತ್ತಿದಳು. ಅವಳ ಹಿಂದೆ ಇನ್ನೂ ನಾಲ್ಕಾರು ಹೆಂಗಸರ ಹೆಬ್ಬೆಟ್ಟುಗಳು ಎದ್ದವು. ಎಲ್ಲವೂ ಹುಣಸೆ ಬೀಜಗಳೇ. "ಮಗ್ಗದಲ್ಲಿ ಸವೆದವು ಸಾರ್. ಕೆಲಸ ಮಾಡಿದ್ ದಿನಾನೂ ಸಂಬಳ ಕಟ್ ಆಗ್ತದೆ. ಕೇಳಿದ್ರೆ ಮಿಷನ್ ಹೇಳಿದ್ದೇ ಲೆಕ್ಕ ಅಂದ್ರು ಆಫೀಸ್ನೋರು. ಇರೋ ಕೆಲಸಾನೂ ಹೋದಾತು ಅಂತ ಸುಮ್ಕಿದ್ವಿ."

ಹೆದರಿಕೆಯನ್ನೆಲ್ಲ ನಾನೊಬ್ಬನೇ ಗುತ್ತಿಗೆ ಹಿಡಿದಿದ್ದೇನೆ ಅಂದುಕೊಂಡಿದ್ದೆ. ಅವರೂ ನನ್ನ ಸಾಲಿನಲ್ಲೇ, ನನ್ನ ಬೆನ್ನ ಹಿಂದೆಯೇ ನಿಂತು ನಡುಗುತ್ತಿದ್ದರು. ಸಾಹೇಬರು ನನ್ನ ಕಡೆ ತಿರುಗಿದರು. "ರುದ್ರಣ್ಣ, ಇದಕ್ಕೆ ಕಾರ್ಡ್ ಹಾಕೋ ಹಾಗಿರ್ಲಿಲ್ವಾ?" ಇರಲಿಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಗಂಗಮ್ಮನ ಹೆಬ್ಬೆಟ್ಟು ಇನ್ನೂ ಮೇಲೆಯೇ ಇತ್ತು. "ಇತ್ತು ಸಾರ್, ನಾನೇ ತೆಗೆಸ್ದೆ. ನಂದೂ ಹಿಡಿಯಲ್ಲ" ಅಂತ ಜೇಬಿನಿಂದ ಕೈ ತೆಗೆದೆ. ಅವರು ಮಿಷನ್ನಿನ ಗಾಜಿನ ಮೇಲೆ ಬೆರಳಾಡಿಸಿ ಮೂಗು ಅರಳಿಸಿದರು. "ಇದೇನ್ರೀ?" "ಬೆಣ್ಣೆ ಸಾರ್. ಶಿವಗಂಗೇದು." ಗಾಜು ಮುಟ್ಟಿದ್ದ ಅವರ ಬೆರಳು ತಾನಾಗಿ ಕಣ್ಣಿಗೆ ಒತ್ತಿಕೊಳ್ಳಲು ಹೊರಟು, ನಡುದಾರಿಯಲ್ಲಿ ಸಿಟ್ಟು ಮಾಡಬೇಕಾದದ್ದು ನೆನಪಾಗಿ ನಿಂತಿತು.

ಆ ಹೆಂಗಸರ ಕಟ್ ಆಗಿದ್ದ ಸಂಬಳ ಮರುತಿಂಗಳು ಬಂತು. ಕಾರ್ಡಿನ ಸೌಕರ್ಯ ತರಲು ನನ್ನನ್ನೇ ಅಂಗಡಿಗೆ ಅಟ್ಟಿದರು. ಅವನು ಹೇಳಿದ ಬೆಲೆ ಕೇಳಿ ನಾನು ಎದ್ದೆ. ಅವನೂ ಎದ್ದ. "ಊಟದ ಹೊತ್ತಾಯ್ತು ಸಾರ್, ಬಾಗಿಲು ಹಾಕ್ತೀನಿ" ಅಂತ ತನ್ನ ಚಪ್ಪಲಿ ಹುಡುಕತೊಡಗಿದ. ಕೊನೆಗೆ ವಾಪಸ್ ಕರೆದವನು ನಾನು. ಎಲ್ಲ ಸೇರಿ ಹದಿನೆಂಟು ದಾಟಿತು. ಯುಗಾದಿಯೂ ದಾಟಿತು. ಕಾಯಂ ಮಾತು ಕೇಳಿದಾಗೆಲ್ಲ ಸಾಹೇಬರು "ನೋಡೋಣ" ಅನ್ನುತ್ತಾರೆ, ಹಾಗನ್ನುವಾಗ ನನ್ನ ಮುಖ ನೋಡುವುದಿಲ್ಲ, ಕೈ ನೋಡುತ್ತಾರೆ.

ಆದ್ದರಿಂದ ಹೇಳುತ್ತೇನೆ ಕೇಳಿ. ಚೌಕಾಸಿ ಬಿಡಬೇಡಿ, ಆದರೆ 'ಇದು ಬೇಡ, ತೆಗೀರಿ' ಅನ್ನುವ ಮೊದಲು ಅದು ಯಾರಿಗಾದರೂ ಬೇಕೇನೋ ಎಂದು ಮನೆಗೆ ಬಂದು ಒಂದು ಮಾತು ಕೇಳಿ. ಬೆರಳಿಡುವ ವಸ್ತುವಾದರೆ ಅಂಗಡಿಯಲ್ಲೇ ನಿಮ್ಮ ಬೆರಳಿಟ್ಟು ನೋಡಿ. ಕಾರ್ಡು ಕೊಟ್ಟರೆ ಎರಡು ಮಾಡಿಸಿಕೊಳ್ಳಿ, ಬಸ್ಸು ಹತ್ತುವಾಗ ಕೊರಳು ಮುಟ್ಟಿ ನೋಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಒಳ್ಳೆಯದಾಗಲಿ ಅಂತ ಆ ಕಾರ್ಡನ್ನು ದೇವರ ಮುಂದೆ ಇಡಲು ಹೆಂಡತಿಯ ಕೈಗೆ ಕೊಡಬೇಡಿ. ನಾನು ಕೊಟ್ಟಿದ್ದೆ. ಅರಿಸಿನ ಕುಂಕುಮ ಕಲಸಿ ಎರಡೂ ಬದಿಗೆ ಬಳಿದು ಈಗಷ್ಟೇ ತಂದಿಟ್ಟಿದ್ದಾಳೆ. ಒರೆಸಿದರೆ ಇವಳ ಹೆದರಿಕೆ, ಒರೆಸದಿದ್ದರೆ ನಾಳೆ ಬೆಳಗ್ಗೆ ಆ ಹೆಣ್ಣು ದನಿಯ ಹೆದರಿಕೆ.